ಮಾದಪ್ಪನ ಬೆಟ್ಟಕ್ಕೆ ಯಾವ ಸೀಟು?

ಸೈಕಲ್ ಸೀಟನ್ನು ಪರೀಕ್ಷಿಸುವುದಕ್ಕೆ ನಮಗೆ ಗೊತ್ತಿರುವ ದಾರಿ ಒಂದೇ: ಹೆಬ್ಬೆರಳಿಂದ ಒತ್ತಿ ನೋಡುವುದು. ಬೆರಳು ಒಳಗಿಳಿದರೆ ಒಳ್ಳೆಯ ಸೀಟು, ಇಳಿಯದಿದ್ದರೆ ಕಲ್ಲು. ಕೊಳ್ಳೇಗಾಲದ ಅಂಗಡಿಯಲ್ಲೂ ಇದೇ, ಬೆಂಗಳೂರಿನ ಶೋರೂಮಿನಲ್ಲೂ ಇದೇ. ಅಂಗಡಿಯವರಿಗೂ ಇದು ತಿಳಿದ ವಿಷಯ. ಅದಕ್ಕೇ ಜೆಲ್ ತುಂಬಿದ ಕವರುಗಳು ಕಣ್ಣಿಗೆ ಬೀಳುವಂತೆ ಮುಂದೆಯೇ ನೇತಾಡುತ್ತಿರುತ್ತವೆ. ಸಂತೆಗೆ ಹೋಗಿ ಬರುವವರಿಗೆ ಈ ಪರೀಕ್ಷೆ ಸಾಕು. ಹನೂರು ದಾಟಿ ಮಾದಪ್ಪನ ಬೆಟ್ಟ, ಅಂದರೆ ಮಲೆ ಮಹದೇಶ್ವರ ಬೆಟ್ಟ ಮುಟ್ಟುವ ಆಸೆ ಇಟ್ಟುಕೊಂಡವರಿಗೆ ಸಾಲದು. ದೂರದ ದಾರಿಯಲ್ಲಿ ಸೀಟಿನ ಸುಖ ಎಂಬುದು ಅದರ ಅಗಲ, ಆಕಾರ ಮತ್ತು ಅದನ್ನು ಕೂರಿಸಿದ ಬಗೆಯ ಮೇಲೆ ನಿಂತಿದೆ. ಮೆತ್ತೆಯ ಪಾಲು ಅದರಲ್ಲಿ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ.

ಈಚೆಗೆ ಗೇರ್ ಸೈಕಲ್ ಕೊಂಡು ಬೆಳಗಿನ ತಂಪಿನಲ್ಲಿ ಶಿವನಸಮುದ್ರದ ಕಡೆಗೋ ಯಳಂದೂರಿನ ಕಡೆಗೋ ಹೊರಡುವವರು ನಮ್ಮ ಭಾಗದಲ್ಲೂ ಕಾಣುತ್ತಾರೆ. ಅವರು ಮೊದಲು ಎತ್ತುವ ದೂರು ಉಸಿರಿನದಲ್ಲ, ಕಾಲಿನದೂ ಅಲ್ಲ. "ಕೂರಕ್ಕೇ ಆಗಲ್ಲ ಕಣಣ್ಣ, ಯಾವ ಸೀಟು ಹಾಕ್ಸಲಿ?" ಎಂಬುದೇ. ಇದಕ್ಕೆ ಒಂದು ಕಂಪನಿಯ ಹೆಸರು ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಎಷ್ಟು ದೂರ, ಹೇಗೆ ಕೂರುತ್ತೀರಿ, ನೋವು ಎಲ್ಲಿ, ಈ ಮೂರನ್ನೂ ತಿರುಗಿ ಕೇಳಬೇಕಾಗುತ್ತದೆ.

ಮೊದಲು ದೂರ. ಕೊಳ್ಳೇಗಾಲದಿಂದ ಯಳಂದೂರಿಗೆ ಹದಿನೈದು ಕಿ.ಮೀ. ಆಸುಪಾಸು. ಬಹುಪಾಲು ಸಮತಟ್ಟಾದ ದಾರಿ, ಒಂದು ಗಂಟೆಯ ಕೆಲಸ. ಹನೂರಿಗೆ ಮಧುವನಹಳ್ಳಿ, ಕಾಮಗೆರೆ ಮೇಲೆ ಸುಮಾರು 25 ಕಿ.ಮೀ.; ಅಲ್ಲಿ ಏರಿಳಿತ ಶುರುವಾಗುತ್ತದೆ. ಹನೂರಿನಿಂದ ಕೌದಳ್ಳಿ, ತಾಳಬೆಟ್ಟ ದಾಟಿ ಮಾದಪ್ಪನ ಸನ್ನಿಧಿಗೆ ಇನ್ನೂ 55 ಕಿ.ಮೀ.ನಷ್ಟು, ಕೊನೆಯ ಭಾಗ ಪೂರಾ ಘಾಟಿ. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಹೋಗಿ ಬಂದರೆ ಹೆಚ್ಚುಕಡಿಮೆ 160 ಕಿ.ಮೀ. ಗಂಟೆಗೆ 16 ಕಿ.ಮೀ. ಲೆಕ್ಕ ಹಿಡಿದರೂ ಹತ್ತು ಗಂಟೆ ಸೀಟಿನ ಮೇಲೆ. ನಿಮಿಷಕ್ಕೆ 70 ಸುತ್ತು ಪೆಡಲ್ ತುಳಿದರೆ ಗಂಟೆಗೆ 4,200, ಹತ್ತು ಗಂಟೆಗೆ 42,000. ಪ್ರತಿ ಸುತ್ತಿಗೂ ಎರಡು ತೊಡೆಗಳು ಸೀಟಿನ ಪಕ್ಕ ಸವರಿಕೊಂಡು ಹೋಗುತ್ತವೆ. ಯಳಂದೂರಿಗೆ ಹೋಗುವಾಗ ಗಮನಕ್ಕೇ ಬಾರದ ಪ್ಯಾಂಟಿನ ಒಂದು ದಪ್ಪ ಹೊಲಿಗೆ ಕೌದಳ್ಳಿ ತಲುಪುವಷ್ಟರಲ್ಲಿ ಗಾಯ ಮಾಡುವುದು ಹೀಗೆ.

ಕೂರಬೇಕಾದ್ದು ಮೂಳೆಯ ಮೇಲೆ

ಗಟ್ಟಿ ಕಲ್ಲು ಜಗಲಿಯ ಮೇಲೆ ಕುಳಿತು ಅಂಗೈಗಳನ್ನು ಪೃಷ್ಠದ ಕೆಳಗೆ ಇಟ್ಟು ನೋಡಿ. ಎರಡು ಗಂಟುಗಳು ಅಂಗೈಗೆ ಒತ್ತುತ್ತವೆ. ಅವು ಸೊಂಟದ ಮೂಳೆಯ ಕೆಳತುದಿಗಳು. ಕೂತಾಗ ದೇಹದ ಭಾರ ಹೊರುವುದಕ್ಕೆಂದೇ ಇರುವ ಜಾಗ ಅದು. ಆ ಎರಡರ ನಡುವೆ, ತೊಡೆಗಳು ಸೇರುವಲ್ಲಿ ಇರುವುದು ಮೆತ್ತನೆಯ ಭಾಗ. ಜನನಾಂಗಕ್ಕೆ ಹೋಗುವ ನರ, ರಕ್ತನಾಳಗಳು ಅಲ್ಲೇ ಹಾದುಹೋಗುತ್ತವೆ. ಆ ಜಾಗ ಭಾರ ಹೊರುವುದಕ್ಕಲ್ಲ. ಒಳ್ಳೆಯ ಸೀಟಿನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಭಾರ ಮೂಳೆಯ ಮೇಲೆ ಬೀಳಬೇಕು, ನಡುವಿನ ಜಾಗಕ್ಕೆ ಬಿಡುವು ಸಿಗಬೇಕು.

ಜೆಲ್ ಕವರು ಕೈಕೊಡುವುದೂ ಇಲ್ಲಿಯೇ. ಹತ್ತಿದ ಹತ್ತು ನಿಮಿಷ ಹಿತವಾಗಿರುತ್ತದೆ. ಆಮೇಲೆ ಮೂಳೆಗಳು ಜೆಲ್ಲನ್ನು ಒತ್ತಿ ಕೆಳಗಿಳಿಯುತ್ತವೆ. ಒತ್ತಿದ ಜೆಲ್ ಎಲ್ಲಿಗಾದರೂ ಹೋಗಲೇಬೇಕಲ್ಲ, ಅದು ನಡುವೆ ಉಬ್ಬುತ್ತದೆ. ಬಿಡುವು ಬೇಕಿದ್ದ ಜಾಗಕ್ಕೇ ಒತ್ತಡ ಬೀಳುತ್ತದೆ. ಜೊತೆಗೆ ಮೆತ್ತೆ ಅಗಲವಾದಷ್ಟೂ ತೊಡೆ ಉಜ್ಜುವುದು ಹೆಚ್ಚು, ಬೆವರು ಹೆಚ್ಚು. ನಮ್ಮ ಕಡೆಯ ಬಿಸಿಲಿಗೆ ಇದು ಸಣ್ಣ ಮಾತಲ್ಲ. ಎಷ್ಟೋ ಕವರುಗಳು ಸೀಟಿನ ಮೇಲೆ ಸರಿಯಾಗಿ ನಿಲ್ಲದೆ ಅತ್ತಿತ್ತ ಜಾರಿ, ಜಾರಿದಷ್ಟೂ ಚರ್ಮ ಉರಿಸುತ್ತವೆ.

ಹಾಗಾದರೆ ನಮ್ಮ ತಂದೆ, ಅಜ್ಜಂದಿರ ಕಾಲದ ಸೈಕಲ್ಲಿನ ಅಗಲ ಸೀಟು? 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಶುರುವಾದ ಟಿಐ ಸೈಕಲ್ಸ್‌ನ ಹರ್ಕ್ಯುಲಿಸ್, 1951ರ ಅಟ್ಲಾಸ್, 1956ರ ಹೀರೋ, ಇವೆಲ್ಲವುಗಳ ಕರಿ ಸೈಕಲ್ಲಿಗೆ ಅಗಲವಾದ ಸೀಟು, ಅದರಡಿ ಸುರುಳಿ ಸ್ಪ್ರಿಂಗು. ಮಕ್ಕಳು ಮೊದಲು ಒಳಪೆಡ್ಲು ಹೊಡೆದು, ಆಮೇಲೆ ಬಾರಿನ ಮೇಲೆ ಬಂದು, ಕಾಲು ಎಟುಕಿದ ಮೇಲಷ್ಟೇ ಆ ಸೀಟು ಏರುತ್ತಿದ್ದರು. ಪಂಚೆ ಉಟ್ಟವರು ಹಿಂದೆ ಹುಲ್ಲಿನ ಹೊರೆ, ಹಾಲಿನ ಕ್ಯಾನು ಕಟ್ಟಿಕೊಂಡು ಅದರ ಮೇಲೇ ಊರೂರು ತಿರುಗಿದ್ದಾರೆ. ಆ ಸೀಟಿನಲ್ಲಿ ತಪ್ಪೇನೂ ಇಲ್ಲ. ಆ ಸೈಕಲ್ಲಿನ ಹ್ಯಾಂಡಲ್ ಎತ್ತರ, ಅದು ಓಡಿಸುವವನ ಕಡೆಗೆ ಬಾಗಿರುತ್ತದೆ, ಬೆನ್ನು ನೆಟ್ಟಗೆ. ಭಾರವೆಲ್ಲ ನೇರ ಕೆಳಗೆ, ಮೂಳೆಗಳ ಅಗಲವಾದ ಹಿಂಭಾಗದ ಮೇಲೆ. ಅಂಥ ಕೂರುವಿಕೆಗೆ ಅಗಲ ಸೀಟು, ಸ್ಪ್ರಿಂಗು ಎರಡೂ ಬೇಕು.

ಗೇರ್ ಸೈಕಲ್ಲಿನಲ್ಲಿ ಮೈ ಮುಂದಕ್ಕೆ ಬಾಗುತ್ತದೆ, ಸೊಂಟದ ಮೂಳೆಯೂ ಮುಂದಕ್ಕೆ ಉರುಳುತ್ತದೆ. ಆ ಮೂಳೆಯ ಎರಡು ಕಂಬಗಳು ಹಿಂದೆ ಅಗಲ, ಮುಂದಕ್ಕೆ ಬರುತ್ತಾ ಕಿರಿದಾಗಿ ಕೂಡಿಕೊಳ್ಳುತ್ತವೆ. ಬಾಗಿದಷ್ಟೂ ಕಿರಿದಾದ ಭಾಗದ ಮೇಲೆ ಕೂರುತ್ತೇವೆ. ಭಾರದಲ್ಲಿ ಒಂದು ಪಾಲು ಕೈಗಳಿಗೆ, ಇನ್ನೊಂದು ಪಾಲು ಪೆಡಲಿಗೆ ಹಂಚಿಹೋಗುತ್ತದೆ. ಹಾಗಾಗಿ ಬಾಗಿ ಓಡಿಸುವವರಿಗೆ ಕಿರಿದಾದ, ಕೊಂಚ ಗಟ್ಟಿಯಾದ ಸೀಟೇ ಒಗ್ಗುತ್ತದೆ. ಗೇರ್ ಸೈಕಲ್ಲಿಗೆ ಕರಿ ಸೈಕಲ್ಲಿನ ಸೀಟು ಹಾಕಿದರೆ ಅದರ ಅಗಲವಾದ ರೆಕ್ಕೆಗಳು ತೊಡೆಯನ್ನು ಕೆಳಕ್ಕೆ ಇಳಿಯಲು ಬಿಡುವುದಿಲ್ಲ. ಕರಿ ಸೈಕಲ್ಲಿಗೆ ಗೇರ್ ಸೈಕಲ್ಲಿನ ಸೀಟು ಹಾಕಿದರೆ ಮೂಳೆ ಸೀಟಿನ ಅಂಚಿನಾಚೆಗೆ ಜೋತುಬೀಳುತ್ತದೆ.

ನಿಮ್ಮ ಮೂಳೆಯ ಅಗಲ ಅಳೆಯುವುದು ಸುಲಭ, ದುಡ್ಡೂ ಖರ್ಚಾಗುವುದಿಲ್ಲ. ಟಿವಿ, ಮಿಕ್ಸಿ ಬರುವ ಅಲೆಅಲೆಯ ರಟ್ಟಿನ ಡಬ್ಬದಿಂದ ಒಂದು ತುಂಡು ಕತ್ತರಿಸಿ, ಗಟ್ಟಿ ಜಗಲಿ ಅಥವಾ ಮೆಟ್ಟಿಲ ಮೇಲೆ ಹಾಸಿ. ತೆಳುವಾದ ಬಟ್ಟೆಯಲ್ಲಿ ಅದರ ಮೇಲೆ ಕುಳಿತು, ಹಿಮ್ಮಡಿ ಎತ್ತಿ, ಸೈಕಲ್ ಮೇಲೆ ಎಷ್ಟು ಬಾಗುತ್ತೀರೋ ಅಷ್ಟೇ ಬಾಗಿ ಒಂದು ನಿಮಿಷ ಅಲುಗಾಡದೆ ಇರಿ. ಎದ್ದು ನೋಡಿದರೆ ಎರಡು ತಗ್ಗು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸ್ಕೇಲಿನಲ್ಲಿ ಅಳೆಯಿರಿ. ಹೆಚ್ಚಿನವರಿಗೆ ಇದು 100ರಿಂದ 140 ಮಿ.ಮೀ. ಒಳಗೆ ಬರುತ್ತದೆ. ಬಾಗಿ ಓಡಿಸುವವರು ಇದಕ್ಕೆ 20 ಮಿ.ಮೀ.ನಷ್ಟು, ನೆಟ್ಟಗೆ ಕೂರುವವರು 30ರಿಂದ 40 ಸೇರಿಸಿದರೆ ಬೇಕಾದ ಸೀಟಿನ ಅಗಲ ಸಿಗುತ್ತದೆ. ಒಳ್ಳೆಯ ಸೀಟುಗಳ ಡಬ್ಬದ ಮೇಲೋ ತಳದಲ್ಲೋ 143, 155 ಎಂದು ಬರೆದಿರುತ್ತದಲ್ಲ, ಅದು ಈ ಅಗಲವೇ.

ಹೆಂಗಸರ ಮೂಳೆಗಳ ನಡುವಿನ ಅಂತರ ಸರಾಸರಿಯಲ್ಲಿ ಗಂಡಸರಿಗಿಂತ ಕೊಂಚ ಹೆಚ್ಚು. ಹಾಗೆಂದು 'ಲೇಡೀಸ್ ಸೀಟು' ಎಂದು ಬರೆದದ್ದೆಲ್ಲ ಎಲ್ಲ ಹೆಂಗಸರಿಗೂ ಹೊಂದುವುದಿಲ್ಲ. ಆಳಿನಿಂದ ಆಳಿಗೆ ಇರುವ ವ್ಯತ್ಯಾಸ ಈ ಸರಾಸರಿಯ ವ್ಯತ್ಯಾಸಕ್ಕಿಂತ ದೊಡ್ಡದು. ದಪ್ಪ, ತೆಳ್ಳಗೆ ಎಂಬುದಕ್ಕೂ ಮೂಳೆಯ ಅಗಲಕ್ಕೂ ಸಂಬಂಧವಿಲ್ಲ. ರಟ್ಟಿನ ತುಂಡು ಹೇಳಿದ್ದೇ ಕೊನೆಯ ಮಾತು.

ಸೀಳು, ಮೂತಿ, ಚರ್ಮ

ನಡುವೆ ಸೀಳು ಇರುವ ಸೀಟುಗಳು ಈಗಿನ ಹೊಸ ಆವಿಷ್ಕಾರ ಎಂದು ಹಲವರು ತಿಳಿದಿದ್ದಾರೆ. 1890ರ ದಶಕದಲ್ಲೇ ಅಮೆರಿಕದ ಸ್ಪಾಲ್ಡಿಂಗ್ ಕಂಪನಿ ನಡುವೆ ಬಿಡುವಿದ್ದ 'ಕ್ರಿಸ್ಟಿ' ಸೀಟನ್ನು ದೇಹರಚನೆಗೆ ತಕ್ಕ ಸೀಟು ಎಂದು ಮಾರುತ್ತಿತ್ತು. ಸೀಳಿನಿಂದ ಎಷ್ಟೋ ಜನರಿಗೆ ಉಪಯೋಗ ಉಂಟು. ಅಗಲ ತಪ್ಪಿದ ಸೀಟಿನಲ್ಲಿ ಮಾತ್ರ ಸೀಳಿನ ಅಂಚುಗಳೇ ಚುಚ್ಚಲು ಶುರುಮಾಡುತ್ತವೆ. ಅಗಲ ಮೊದಲು, ಸೀಳು ಆಮೇಲೆ.

ಆ ನಡುವಿನ ಜಾಗ ಮರಗಟ್ಟಿ ಜೋಮು ಹಿಡಿಯುವುದರ ಬಗ್ಗೆ ಅಮೆರಿಕದ ಉದ್ಯೋಗ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಸಂಶೋಧಕರು ನಡೆಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ದಿನವೂ ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿಗೆ ಮುಂದಿನ ಮೂತಿಯೇ ಇಲ್ಲದ ಸೀಟುಗಳನ್ನು ಆರು ತಿಂಗಳು ಕೊಟ್ಟು ನೋಡಿದರು. ಜೋಮು ಹಿಡಿಯುವುದೇ ಇಲ್ಲ ಎಂದವರು ಮೊದಲು ಶೇ 27 ಇದ್ದದ್ದು ಕೊನೆಗೆ ಶೇ 82 ಆಯಿತು. ಮೂತಿ ಇಲ್ಲದ ಸೀಟಿನಲ್ಲಿ ಸೈಕಲ್ಲನ್ನು ತೊಡೆಯಿಂದ ಹಿಡಿತಕ್ಕೆ ತರುವುದು ಕಷ್ಟ, ಘಾಟಿ ಇಳಿಯುವಾಗ ಅದು ಬೇಕೇಬೇಕು. ಆದರೂ ಆ ಅಧ್ಯಯನದಿಂದ ನಾವು ಕಲಿಯಬೇಕಾದ್ದು ಉಂಟು: ಜೋಮು ಹಿಡಿಸುವುದು ಮೂತಿಯ ಒತ್ತಡ, ಅದನ್ನು ತಗ್ಗಿಸಿದರೆ ಜೋಮೂ ತಗ್ಗುತ್ತದೆ. ಈಗ ಸಿಗುವ ಗಿಡ್ಡ ಮೂತಿಯ ಸೀಟುಗಳು ಈ ಎರಡರ ನಡುವಿನ ದಾರಿ.

ಇನ್ನು ಚರ್ಮದ ಸೀಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1866ರಲ್ಲಿ ಕುದುರೆಯ ಜೀನು, ಲಗಾಮು ಮಾಡಲು ಶುರುವಾದ ಬ್ರೂಕ್ಸ್ ಕಂಪನಿ 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ಪಡೆಯಿತು. ಅದರ ಬಿ-17 ಮಾದರಿ ನೂರು ವರ್ಷ ದಾಟಿಯೂ ದೂರದ ಸವಾರರ ನೆಚ್ಚಿನದು. ಅದರಲ್ಲಿ ಮೆತ್ತೆ ಎಂಬುದೇ ಇಲ್ಲ; ಒಂದು ದಪ್ಪ ಚರ್ಮವನ್ನು ಹಿಂದೆ ಮುಂದೆ ಕಬ್ಬಿಣಕ್ಕೆ ಬಿಗಿದಿರುತ್ತಾರೆ, ಅಷ್ಟೇ. ಬಿಳಿಗಿರಿರಂಗನಿಗೆ ದೊಡ್ಡ ಚರ್ಮದ ಪಾದರಕ್ಷೆ ಒಪ್ಪಿಸುವ ನಮ್ಮ ಸೀಮೆಯವರಿಗೆ ಚರ್ಮದ ಗುಣ ಹೇಳಿಕೊಡಬೇಕಾಗಿಲ್ಲ. ಹೊಸ ಚಪ್ಪಲಿ ವಾರಗಟ್ಟಲೆ ಕಚ್ಚಿ ಆಮೇಲೆ ಪಾದದ ಅಚ್ಚು ಪಡೆಯುವಂತೆ, ಈ ಸೀಟೂ ಕೆಲವು ನೂರು ಕಿ.ಮೀ. ಆದ ಮೇಲೆ ನಿಮ್ಮ ಮೂಳೆಗಳಿದ್ದಲ್ಲಿ ತಗ್ಗು ಬಿದ್ದು ಒಗ್ಗುತ್ತದೆ. ಮಳೆಯಲ್ಲಿ ನೆನೆಸಬಾರದು, ಆಗಾಗ ಮೇಣ ಸವರಬೇಕು, ಜೋತುಬಿದ್ದರೆ ಮೂತಿಯಡಿಯ ಬೋಲ್ಟನ್ನು ಕೊಂಚವೇ ಬಿಗಿಯಬೇಕು. ಬೆಲೆಯೂ ಭಾರಿ, ಹತ್ತು ಸಾವಿರ ದಾಟುವುದುಂಟು. ವಾರಕ್ಕೊಮ್ಮೆ ಯಳಂದೂರಿಗೆ ಹೋಗಿ ಬರುವವರಿಗೆ ಇದು ದಂಡ. ವರ್ಷಗಟ್ಟಲೆ ದೂರ ಓಡಿಸುವವರಿಗೆ ಹಾಕಿದ ದುಡ್ಡು ವಾಪಸು ಬರುತ್ತದೆ.

ಕೊಳ್ಳುವ ಮುನ್ನ ಪಾನಾ ಹಿಡಿಯಿರಿ

ಹೊಸ ಸೀಟು ಕೊಳ್ಳುವವರೆಗೆ ಹೋಗುವ ಎಷ್ಟೋ ದೂರುಗಳು ಹಳೆಯ ಸೀಟನ್ನು ಸರಿಯಾಗಿ ಕೂರಿಸಿದರೆ ತೀರುವಂಥವು. ಮೊದಲನೆಯದು ಎತ್ತರ. ನಮ್ಮಲ್ಲಿ ಸೀಟ್ ಪಿಲ್ಲರನ್ನು ಪೂರಾ ಒಳಗೆ ತಳ್ಳಿ, ಕೂತಲ್ಲಿಂದಲೇ ಎರಡೂ ಕಾಲು ನೆಲಕ್ಕೆ ಊರುವಂತೆ ಇಟ್ಟುಕೊಳ್ಳುವುದು ರೂಢಿ. ಆಗ ಕಾಲಿನ ಬಲ ಪೆಡಲಿಗೆ ಸೇರದೆ ಭಾರವೆಲ್ಲ ಸೀಟಿಗೆ ಬೀಳುತ್ತದೆ, ಮೊಣಕಾಲೂ ನೋಯುತ್ತದೆ. ಸರಿಯಾದ ಎತ್ತರಕ್ಕೆ ಸುಲಭ ಪರೀಕ್ಷೆ: ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು, ಪೆಡಲನ್ನು ತೀರಾ ಕೆಳಗೆ ತಂದು, ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ತಕ್ಕಷ್ಟೇ ಬಾಗಿರುತ್ತದೆ. ಲೆಕ್ಕವೇ ಬೇಕೆನ್ನುವವರಿಗೆ ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಬಳಕೆಗೆ ತಂದ ಸೂತ್ರವಿದೆ: ಬರಿಗಾಲಲ್ಲಿ ನಿಂತು ನೆಲದಿಂದ ತೊಡೆಸಂದಿವರೆಗಿನ ಉದ್ದವನ್ನು 0.883ರಿಂದ ಗುಣಿಸಬೇಕು. 80 ಸೆಂ.ಮೀ. ಇದ್ದರೆ ಎರಡೂ ಪೆಡಲಿನ ಕೈಗಳು ಕೂಡುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈಗೆ 70.6 ಸೆಂ.ಮೀ. ಪಿಲ್ಲರಿನ ಮೇಲಿರುವ ಗೆರೆ ಮೀರಿ ಹೊರಗೆ ಎಳೆಯಬಾರದು ಎಂಬುದು ಮಾತ್ರ ನೆನಪಿರಲಿ, ಮುರಿದರೆ ಪ್ರಾಣಕ್ಕೇ ಸಂಚಕಾರ. ಎತ್ತರ ಅತಿಯಾದರೂ ಕೆಟ್ಟದ್ದು: ಪೆಡಲ್ ಎಟುಕಿಸಲು ಸೊಂಟ ಅತ್ತಿತ್ತ ಕುಲುಕುತ್ತದೆ, ಕುಲುಕಿದಷ್ಟೂ ಚರ್ಮ ಉಜ್ಜುತ್ತದೆ.

ಎರಡನೆಯದು ವಾಲು. ಗಾರೆ ಕೆಲಸದವರ ರಸಮಟ್ಟವನ್ನು ಸೀಟಿನ ಮೇಲೆ ಉದ್ದಕ್ಕೆ ಇಟ್ಟು ಸಮ ಮಾಡಿ. ಮುಂದೆ ಒತ್ತುತ್ತಿದ್ದರೆ ಮೂತಿಯನ್ನು ಒಂದೆರಡು ಡಿಗ್ರಿ ಕೆಳಗಿಳಿಸಿ, ಅದಕ್ಕಿಂತ ಹೆಚ್ಚು ಬೇಡ. ತುಂಬ ಇಳಿಸಿದರೆ ಮೈ ಮುಂದಕ್ಕೆ ಜಾರಿ ಅಂಗೈ, ಭುಜಗಳು ನೋಯುತ್ತವೆ. ತಾಳಬೆಟ್ಟದ ಮೇಲಿನ ಘಾಟಿಗೆ ಇನ್ನೊಂದು ಲೆಕ್ಕವಿದೆ. ನೂರು ಮೀಟರಿಗೆ ಎಂಟು ಮೀಟರ್ ಏರುವ ಏರಿನಲ್ಲಿ ಸೈಕಲ್ಲೇ ಸುಮಾರು ನಾಲ್ಕೂವರೆ ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಸಮತಟ್ಟಿನಲ್ಲಿ ಹಿತವಾಗಿದ್ದ ಮೂತಿ ಅಲ್ಲಿ ಮೇಲೆದ್ದು ಒತ್ತುತ್ತದೆ. ಬೆಟ್ಟವನ್ನೇ ಗುರಿ ಇಟ್ಟುಕೊಂಡವರು ಮೂತಿಯನ್ನು ಒಂದು ಡಿಗ್ರಿ ಇಳಿಸಿಯೇ ಹೊರಡುವುದು ಮೇಲು.

ಮೂರನೆಯದು ಮುಂದೆ-ಹಿಂದೆ. ಪೆಡಲುಗಳು ನೆಲಕ್ಕೆ ಸಮಾಂತರವಾಗಿ ನಿಂತಾಗ ಮುಂದಿನ ಮೊಣಕಾಲ ಚಿಪ್ಪಿನ ಕೆಳಗಿನಿಂದ ತೂಗುಗುಂಡು ಬಿಟ್ಟರೆ ಅದು ಪೆಡಲಿನ ಅಚ್ಚಿನ ಹತ್ತಿರ ಬೀಳಬೇಕು. ಇದು ಶಾಸನವಲ್ಲ, ಹೊರಡುವುದಕ್ಕೆ ಒಂದು ಗುರುತು. ಸೀಟಿನಡಿಯ ಕಂಬಿಗಳನ್ನು ಹಿಡಿದಿರುವ ಕ್ಲಿಪ್ಪನ್ನು ಸಡಿಲಿಸಿ ಅರ್ಧರ್ಧ ಸೆಂ.ಮೀ. ಸರಿಸುತ್ತಾ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಳೆಯ ಜಾಗಕ್ಕೆ ಟೇಪ್ ಸುತ್ತಿ ಗುರುತು ಮಾಡಿಡಿ. ಮೂರನ್ನೂ ಒಟ್ಟಿಗೆ ತಿರುಚಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಈ ಎತ್ತರದ ಮಾತು ಶಾಲೆಯ ಮಕ್ಕಳಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಸೈಕಲ್ ಏರಿದ್ದು ಕಣ್ಣಿಗೆ ಕಾಣುವ ಬದಲಾವಣೆ. ಯಾರು ಕೊಡಿಸಿದ್ದೇ ಆಗಲಿ, ಎಂಟರಲ್ಲಿ ಸಿಕ್ಕ ಸೈಕಲ್ ಹತ್ತು ಮುಗಿಯುವವರೆಗೂ ಓಡುತ್ತದೆ, ಅಷ್ಟರಲ್ಲಿ ಮಗು ಎಷ್ಟೋ ಬೆಳೆದಿರುತ್ತದೆ, ಸೀಟು ಮಾತ್ರ ಮೊದಲ ದಿನದ ಮಟ್ಟದಲ್ಲೇ ಇರುತ್ತದೆ. ಪ್ರತಿ ಜೂನ್‌ನಲ್ಲಿ ಪುಸ್ತಕಕ್ಕೆ ರಟ್ಟು ಹಾಕುವಾಗ ಸೀಟನ್ನೂ ಒಮ್ಮೆ ಏರಿಸಿಕೊಡಿ.

ನೋವು ಎಲ್ಲಿ?

ನೋವಿನ ಜಾಗ ನೋಡಿಯೇ ಕಾರಣ ಹೇಳಬಹುದು. ಮೂಳೆಗಳಿರುವ ಎರಡೇ ಕಡೆ ನೋವಿದ್ದರೆ, ಅದೂ ಹೊಸದಾಗಿ ಶುರುಮಾಡಿದವರಿಗಾದರೆ, ಹೆದರಬೇಕಿಲ್ಲ. ಒಂದೆರಡು ವಾರ ದಿನ ಬಿಟ್ಟು ದಿನ ಓಡಿಸಿದರೆ ಮೈ ಒಗ್ಗುತ್ತದೆ. ಒಂದೇ ಕಡೆ ನೋವಿದ್ದರೆ ಸೀಟು ಓರೆಯಾಗಿದೆಯೇ, ಎತ್ತರ ಹೆಚ್ಚಾಗಿದೆಯೇ ನೋಡಿ. ಒಳತೊಡೆ ಉರಿಯುತ್ತಿದ್ದರೆ ಸೀಟು ಅಗಲವಾಯಿತು, ಇಲ್ಲವೇ ಬಟ್ಟೆ ಸರಿಯಿಲ್ಲ. ಜೋಮು ಮಾತ್ರ ಸಹಿಸಿಕೊಳ್ಳುವ ವಿಷಯವೇ ಅಲ್ಲ, ಹೆಂಗಸರಿಗಾದರೂ ಗಂಡಸರಿಗಾದರೂ. ಆ ಕ್ಷಣ ಎದ್ದು ನಿಂತು ತುಳಿಯಬೇಕು, ಮತ್ತೆ ಮತ್ತೆ ಬಂದರೆ ವಾಲು, ಅಗಲ, ಸೀಟು ಎಲ್ಲವನ್ನೂ ಬದಲಿಸಬೇಕು. ಇಳಿದು ಬಹಳ ಹೊತ್ತಾದರೂ ಹೋಗದಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ ಡಾಕ್ಟರ ಹತ್ತಿರ ಹೋಗಲು ಸಂಕೋಚ ಬೇಡ.

ಸೀಟಿನಷ್ಟೇ ಮುಖ್ಯ ಬಟ್ಟೆ. ಜೀನ್ಸಿನ ನಾಲ್ಕು ಹೊಲಿಗೆಗಳು ಕೂಡುವ ಗಂಟು ಸರಿಯಾಗಿ ಕೂರುವ ಜಾಗದಲ್ಲೇ ಬರುತ್ತದೆ. ದೂರಕ್ಕೆ ಹೋಗುವವರು ಒಳಗೆ ಪ್ಯಾಡ್ ಹೊಲಿದ ಸೈಕಲ್ ಚಡ್ಡಿ ಕೊಳ್ಳುವುದು ಜೆಲ್ ಕವರಿಗಿಂತ ಒಳ್ಳೆಯ ಖರ್ಚು. ಅದರ ಒಳಗೆ ಬೇರೆ ಚಡ್ಡಿ ಹಾಕಬಾರದು, ಹಾಕಿದರೆ ಹೊಲಿಗೆಯ ಕಾಟ ಮತ್ತೆ ಶುರು. ಹಾಗೇ ಹೊರಗೆ ಹೋಗಲು ನಾಚಿಕೆಯಾದರೆ ಮೇಲೊಂದು ಸಡಿಲ ಪ್ಯಾಂಟು ಇರಲಿ. ತೊಡೆಸಂದಿಗೆ ವ್ಯಾಸಲೀನ್ ಸವರಿಕೊಂಡರೆ ಉಜ್ಜುವುದು ತಗ್ಗುತ್ತದೆ. ಮನೆಗೆ ಬಂದ ಕೂಡಲೇ ಚಡ್ಡಿ ಕಳಚಿ ಒಗೆದು ಹಾಕಿ. ಬೆವರಿನ ಬಟ್ಟೆಯಲ್ಲಿ ಕೂತರೆ ಕುರು ಏಳುತ್ತದೆ.

ಮೆತ್ತೆ ಬೇಕೇ ಬೇಕು ಎಂದರೆ ಅದು ಟೈರಿನಲ್ಲಿರಲಿ. ಟೈರಿನ ಪಕ್ಕದಲ್ಲಿ ಎಷ್ಟು ಗಾಳಿ ಎಂದು ಅಚ್ಚಾಗಿರುತ್ತದೆ, ಅದರ ಮೇಲ್ಮಿತಿಗೆ ಹೊಡೆಸಲೇಬೇಕೆಂದಿಲ್ಲ. ಕೊಂಚ ಕಡಿಮೆ ಗಾಳಿಯ ಅಗಲ ಟೈರು ರಸ್ತೆಯ ಏಟನ್ನು ಸೀಟಿಗೆ ಬರುವ ಮೊದಲೇ ನುಂಗುತ್ತದೆ. ಹಂಪ್ಸ್ ಕಂಡಾಗ, ಸುಗ್ಗಿಯಲ್ಲಿ ರಸ್ತೆಗೇ ಹುರುಳಿ ಹರಡಿ ಒಕ್ಕಣೆ ಮಾಡುವ ಕಡೆ, ಸೀಟಿನಿಂದ ಮೈ ಎತ್ತಿ, ಮೊಣಕಾಲು ಬಾಗಿಸಿ ನಿಧಾನಕ್ಕೆ ದಾಟಿ. ಉಳಿದಂತೆಯೂ ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಎದ್ದು ನಿಂತು ತುಳಿಯುವುದು ಅಭ್ಯಾಸವಾಗಲಿ. ಏರಿನಲ್ಲಿ ಪೆಡಲಿಗೆ ಬಲ ಹಾಕುವುದರಿಂದ ಸೀಟಿನ ಮೇಲಿನ ಭಾರ ತಾನಾಗಿ ಕಡಿಮೆಯಾಗುತ್ತದೆ; ಹೆಚ್ಚು ನೋಯಿಸುವುದು ಸಲೀಸಾಗಿ ಸಾಗುವ ಸಮತಟ್ಟಿನ ದಾರಿಯೇ, ಅಲ್ಲಿ ಏಳುವುದನ್ನೇ ಮರೆಯುತ್ತೇವೆ.

ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ 1,200 ಕಿ.ಮೀ.ಗಳನ್ನು 90 ಗಂಟೆಯೊಳಗೆ ಮುಗಿಸುವ ಸವಾರಿಗೆ ಕರ್ನಾಟಕದಿಂದಲೂ ಹೋಗುವವರಿದ್ದಾರೆ. ಅದಕ್ಕೆ ತಯಾರಾಗುವವರು ಮೊದಲು 200 ಕಿ.ಮೀ.ಗಳನ್ನು ಹದಿಮೂರೂವರೆ ಗಂಟೆಯಲ್ಲಿ, ಆಮೇಲೆ 300, 400, 600 ಎಂದು ಮೆಟ್ಟಿಲು ಹತ್ತುತ್ತಾರೆ. ನಾವೂ ಸೀಟನ್ನು ಹಾಗೆಯೇ ಪರೀಕ್ಷಿಸಬಹುದು. ಮೊದಲು ಯಳಂದೂರು, ಅದು ಹಿತವಾದರೆ ಹನೂರಿಗೆ ಹೋಗಿ ಬರುವ 50 ಕಿ.ಮೀ., ಅದೂ ಆದರೆ ಕೌದಳ್ಳಿ, ಕೊನೆಗೆ ಬೆಟ್ಟ. ಬೆಟ್ಟದ ಸುತ್ತಲಿನ ಕಾಡು 2013ರಿಂದ ವನ್ಯಧಾಮ, ಆನೆ ಓಡಾಡುವ ಜಾಗ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅಲ್ಲಿ ಸೈಕಲ್ ಬೇಡ. ಬಿಳಿಗಿರಿರಂಗನ ಬೆಟ್ಟದ ದಾರಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ, ಸೈಕಲ್ ಬಿಡುತ್ತಾರೆಯೇ ಎಂದು ಅರಣ್ಯ ಇಲಾಖೆಯವರನ್ನು ಕೇಳಿಯೇ ಹೊರಡಬೇಕು. ಮಾದಪ್ಪನೇನೋ ಹುಲಿಯ ಮೇಲೇ ಸವಾರಿ ಹೊರಟವನು, ಅವನಿಗೆ ಸೀಟಿನ ಚಿಂತೆ ಇರಲಿಲ್ಲ.

ಖರ್ಚಿನ ಸರದಿ ಹೀಗಿರಲಿ. ಮೊದಲು ಪಾನಾ, ರಸಮಟ್ಟ: ಇದಕ್ಕೆ ದುಡ್ಡಿಲ್ಲ. ಆಮೇಲೆ ಚಡ್ಡಿ. ಅದಾದ ಮೇಲೂ ಹನೂರಿನ ದಾರಿಯಲ್ಲಿ ಜೋಮು, ಉರಿ ಉಳಿದಿದ್ದರೆ ಆಗ ರಟ್ಟಿನ ತುಂಡಿನ ಅಳತೆ ಬರೆದುಕೊಂಡು ಅಂಗಡಿಗೆ ಹೋಗಿ. ಮೆತ್ತಗಿರುವುದು ತೋರಿಸಿ ಎನ್ನುವ ಬದಲು ಇಷ್ಟು ಮಿ.ಮೀ. ಅಗಲದ್ದು ತೋರಿಸಿ ಎನ್ನಿ. ಗೆಳೆಯರ ಸೀಟು ನಾಲ್ಕು ದಿನ ಎರವಲು ಸಿಕ್ಕರೆ ಹಾಕಿ ನೋಡಿ, ಹೊಸದು ಕೊಂಡ ಮೇಲೂ ಹಳೆಯದನ್ನು ಎಸೆಯಬೇಡಿ. ನಿಮಗೆ ಒಗ್ಗದ ಸೀಟು ಇನ್ನೊಬ್ಬರ ಮೂಳೆಗೆ ಸರಿಯಾದ ಅಳತೆಯದ್ದಾಗಿರಬಹುದು.